ಬಾವಿ ಬಿಸಿಯಾಗುವವರೆಗೆ

"ರುಕೋ ಭಾಯಿ, ರುಕೋ! ಹಥೋಡಾ ನೀಚೆ ರಖೋ!"

ಕೂಗುತ್ತಲೇ ಆಶಿತಾ ಕಾರಿನಿಂದ ಇಳಿದು ಓಡಿದಳು. ದುಪಟ್ಟಾ ಒಂದು ಕಡೆ, ಕನ್ನಡಕ ಒಂದು ಕಡೆ!

ಸೊಹಾರ್‌ನಿಂದ ಬುರೈಮಿಗೆ ಹೋಗುವ ದಾರಿ. ವಾದಿ ಜಿಝಿ ಎಂಬ ಒಣಹೊಳೆಯ ಪಕ್ಕದ ಗುಡ್ಡದ ಬುಡದಲ್ಲಿ ಎತ್ತರದ ಗಂಡಸೊಬ್ಬ ಸುತ್ತಿಗೆ ಎತ್ತಿ ನಿಂತಿದ್ದ. ರಸ್ತೆಯಂಚಿನಲ್ಲಿ ಅವನ ಲಾರಿ, ಅದರ ಮೇಲೆ ಭೂಮಿ ಕೊರೆಯುವ ಯಂತ್ರದ ಭಾಗಗಳು. ಅವನೆದುರಿಗೆ ಕಪ್ಪು ಕಲ್ಲಿನ ಗುಡ್ಡ. ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ದುಂಡು ದುಂಡಗಿನ ಕಲ್ಲುಗಳು.

ಅವನು ಸುತ್ತಿಗೆ ಇಳಿಸಲಿಲ್ಲ. ಇವಳನ್ನೇ ನೋಡುತ್ತ ನಿಂತ.

"ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ..." ಎಂದು ಆಶಿತಾ ಕನ್ನಡದಲ್ಲಿ ಗೊಣಗಿಕೊಂಡಳು. ಒಮಾನಿನ ಗುಡ್ಡದಲ್ಲಿ ಯಾರಿಗೆ ಅರ್ಥವಾಗಬೇಕು ಎಂಬ ಧೈರ್ಯ!

"ಕಸ್ತೂರಿ ಗೊತ್ತಿಲ್ರಿ ಮೇಡಂ," ಎಂದ ಅವನು ನಿಧಾನವಾಗಿ. "ಆದ್ರ ಕತ್ತೆಗೆ ಕನ್ನಡ ಛೊಲೊ ತಿಳಿತೈತಿ."

ಆಶಿತಾಳಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು! ಆದರೆ ಸೋಲೊಪ್ಪುವ ಹೆಣ್ಣೇ ಅವಳು?

"ನೋಡ್ರೀ, ಇದು ಲಾವಾ ಕಲ್ಲು. ಸಮುದ್ರದ ತಳದಲ್ಲಿ ಜ್ವಾಲಾಮುಖಿ ಉಕ್ಕಿ, ನೀರು ತಾಗಿದ ಕೂಡಲೇ ಹೀಗೆ ದಿಂಬಿನ ಥರ ಗಟ್ಟಿಯಾಗಿರೋದು. ಇದನ್ನ ನೋಡೋಕೆ ದೇಶ ದೇಶದಿಂದ ಜನ ಬರ್ತಾರೆ. ಒಂಬತ್ತೂವರೆ ಕೋಟಿ ವರ್ಷ ಹಳೇದು, ಗೊತ್ತಾ?"

"ಅಷ್ಟು ವರ್ಷ ತಡಕೊಂಡೈತಿ, ನನ್ನದೊಂದು ಏಟು ತಡಕೊಳ್ಳಾಕಿಲ್ಲೇನ್ರಿ? ಬ್ರೇಕ್ ಕೈಕೊಟ್ಟೈತಿ. ಗಾಲಿಗೆ ಅಡ್ಡ ಕೊಡಾಕ ಒಂದು ಕಲ್ಲು ಬೇಕಾಗಿತ್ತು."

ಆಶಿತಾ ವಾದಿಗಿಳಿದು, ತಾನೇ ಒಂದು ಬಿಡಿಗಲ್ಲನ್ನು ಹೊತ್ತು ತಂದು ಲಾರಿಯ ಗಾಲಿಗೆ ಅಡ್ಡ ಇಟ್ಟಳು. ಏದುಸಿರು ಬಿಡುತ್ತಿದ್ದಳು, ಮುಖ ಕೆಂಪಾಗಿತ್ತು.

ಅವನು ಸುತ್ತಿಗೆ ಕೆಳಗಿಟ್ಟು ಕೈಮುಗಿದ. "ಸುಭಾಸ ಅಂತ್ರಿ. ಬಾಗಲಕೋಟಿ ಕಡೆಯಾಂವ. ಸಹಮ್‌ದಾಗ ಹಮೂದ್ ಸಾಹೇಬ್ರ ತ್ವಾಟದಾಗ ಬಿಸಿನೀರಿನ ಬಾವಿ ಕೊರ್ಯಾಕ ಹೊಂಟೀನಿ."

ಅಯ್ಯೋ ದೇವರೇ! ಆಶಿತಾ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಆ ಬಾವಿಯ ಜಿಯಾಲಜಿಸ್ಟ್ ಅವಳೇ!

ಅದು ಎರಡು ಸಾವಿರದ ಹದಿನಾರರ ಮಾತು. ತೈಲದ ಬೆಲೆ ಪಾತಾಳಕ್ಕಿಳಿದು, ಮರುಭೂಮಿಯ ತೈಲಬಾವಿಗಳಲ್ಲಿ ಯಂತ್ರಗಳು ಒಂದೊಂದಾಗಿ ನಿಲ್ಲುತ್ತಿದ್ದ ಕಾಲ. ನಿನ್ನೆ ಪಕ್ಕದಲ್ಲಿ ಊಟ ಮಾಡಿದವನು ಇಂದು ಪೆಟ್ಟಿಗೆ ಕಟ್ಟಿ ಏರ್‌ಪೋರ್ಟಿನ ದಾರಿ ಹಿಡಿಯುತ್ತಿದ್ದ. ಮೈಸೂರಿನಲ್ಲಿ ಓದಿ ಬಂದ ಆಶಿತಾ ಮಸ್ಕತ್‌ನ ತೈಲ ಕಂಪನಿಯಲ್ಲಿ ಕೆಲಸ ಕಳೆದುಕೊಂಡು, ಸೊಹಾರ್‌ನಲ್ಲಿ ಅಪ್ಪ ಅಮ್ಮನ ಮನೆ ಸೇರಿದ್ದಳು. ಸುಭಾಸನೂ ಅದೇ ಹೊಡೆತ ತಿಂದವನು.

ಇಬ್ಬರಿಗೂ ಆಸರೆಯಾದವನು ಹಮೂದ್. ಸಹಮ್‌ನ ಆಚೆ, ಗುಡ್ಡದ ಬುಡದಲ್ಲಿ ಅವನದು ದೊಡ್ಡ ಸೌತೆಕಾಯಿ ತೋಟ. ಬೇಸಿಗೆಯಲ್ಲಿ ಗಾಜಿನ ಮನೆಗಳನ್ನು ತಂಪಾಗಿಡಲು ಕರೆಂಟಿಗೆ ದುಡ್ಡು ಸುರಿದು ಸುರಿದು ಅವನಿಗೆ ಸಾಕಾಗಿತ್ತು. ನೆಲದಾಳದಿಂದ ಎಪ್ಪತ್ತು ಡಿಗ್ರಿ ಬಿಸಿನೀರು ಸಿಕ್ಕಿದರೆ ಸಾಕು, ಆ ಬಿಸಿಯಿಂದಲೇ ತಂಪು ಮಾಡುವ ಯಂತ್ರ ಬಂದಿದೆ ಎಂದು ಯಾರೋ ಹೇಳಿದ್ದರು. ಸರಿ, ಬಾವಿ ಕೊರೆಸಲು ಹೊರಟೇಬಿಟ್ಟ. ಸುಭಾಸನಿಗೆ ಅವನೇ ಕಫೀಲ್, ಅಂದರೆ ವೀಸಾ ಕೊಡಿಸುವ ಯಜಮಾನ. ಬಾವಿ ಇದ್ದರೆ ವೀಸಾ. ಬಾವಿ ಸೋತರೆ ಊರು. ಹೋದವನು ಎರಡು ವರ್ಷ ಮತ್ತೆ ಒಮಾನಿನ ಕಡೆ ತಲೆ ಹಾಕುವಂತಿಲ್ಲ.

ಕೊರೆಯುವ ಕೆಲಸ ಶುರುವಾಯಿತು. ಜಗಳವೂ ಶುರುವಾಯಿತು!

"ಮೇಡಂ, ಕಲ್ಲಿನ ಪುಡಿ ಎಷ್ಟೊತ್ತು ನೋಡ್ತೀರಿ? ಅದರಾಗ ಬಂಗಾರ ಐತೇನು?"

"ನಿಮ್ಮ ಕೊರೆಯೋ ಬಿಟ್ ಮುರಿಯೋ ಮುಂಚೆ ಹೇಳೋಕೇ ನೋಡ್ತಿರೋದು. ನಿಧಾನ ಮಾಡಿ, ಕೆಳಗೆ ಗಟ್ಟಿ ಪದರ ಇದೆ."

ಅವನು ನಕ್ಕ. ಆದರೆ ನಿಧಾನ ಮಾಡಿದ. ಅವಳ ಮಾತು ನಿಜವಾಯಿತು, ಬಿಟ್ ಉಳಿಯಿತು. ಆ ಮಧ್ಯಾಹ್ನ ಅವನು ತನ್ನ ಡಬ್ಬಿಯ ರೊಟ್ಟಿಯಲ್ಲಿ ಅರ್ಧ ಮುರಿದು ಅವಳ ಮುಂದಿಟ್ಟ. ಜೊತೆಗೆ ಶೇಂಗಾ ಚಟ್ನಿ. ಖಾರಕ್ಕೆ ಅವಳ ಕಣ್ಣಲ್ಲಿ ನೀರು!

"ಅಳಬ್ಯಾಡ್ರಿ, ಮಂದಿ ಏನಂದ್ಕೊಂಡಾರು..." ಎಂದು ಅವನೇ ನೀರಿನ ಬಾಟಲಿ ತೆರೆದು ಕೊಟ್ಟ.

ಹೀಗೆ ರೊಟ್ಟಿಯಲ್ಲಿ ಶುರುವಾದದ್ದು ಎಲ್ಲಿಗೆ ಹೋಗುತ್ತದೆಂದು ಓದುಗರಿಗೆ ಬಿಡಿಸಿ ಹೇಳಬೇಕೇ? ಬೆಳಿಗ್ಗೆ ಅವನ ಲಾರಿಯ ಸದ್ದು ಕೇಳಿದರೆ ಅವಳ ಕೈ ತಾನಾಗಿಯೇ ಕೂದಲು ಸರಿಮಾಡಿಕೊಳ್ಳುತ್ತಿತ್ತು. ಅವಳು ರಜೆ ಹಾಕಿದ ದಿನ ಅವನು ಯಂತ್ರದ ಮೇಲೆ ಸುಮ್ಮಸುಮ್ಮನೆ ರೇಗುತ್ತಿದ್ದ. ಇಬ್ಬರೂ ಬಾಯಿಬಿಟ್ಟು ಒಂದು ಮಾತೂ ಆಡಲಿಲ್ಲ, ಅಷ್ಟೇ.

ಒಂದು ಶುಕ್ರವಾರ ಆಶಿತಾಳ ತಾಯಿ ವೇದಾವತಿ ಅವನನ್ನು ಊಟಕ್ಕೆ ಕರೆದರು. ಹೆಣ್ಣುಮಕ್ಕಳು ಅಡುಗೆಮನೆಯಲ್ಲಿದ್ದಾಗ ಅಪ್ಪ ಕೆಂಪಣ್ಣ ಬಾಲ್ಕನಿಯಲ್ಲಿ ಸುಭಾಸನ ಜೊತೆ ಹರಟೆಗೆ ಕೂತರು. ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ವರ್ಷಗಟ್ಟಲೆ ದುಡಿದ ಮನುಷ್ಯ. ಮಾತು ಒರಟು, ಮನಸ್ಸು ಮೆತ್ತಗೆ.

ಅಂದು ಬಾಲ್ಕನಿಯಲ್ಲಿ ಏನು ಮಾತಾಯಿತೋ... ಹೊರಡುವಾಗ ಸುಭಾಸನ ಮುಖದಲ್ಲಿ ನಗು ಇರಲಿಲ್ಲ. "ಬರ್ತೀನ್ರಿ," ಎಂದು ಆಶಿತಾಳನ್ನು ಒಂದು ಗಳಿಗೆ ನೋಡಿ, ಮೆಟ್ಟಿಲಿಳಿದು ಹೋದ.

ಅದರ ಮರುವಾರವೇ ಇಸಾಬೆಲ್ಲಾ ಬಂದಳು.

"ಹಾಯ್! ನೀನು ಆಶಿತಾ ಅಲ್ವಾ? ಇಲ್ಲಿ ಕನ್ನಡ ಮಾತಾಡುವವರು ಸಿಕ್ಕಿದ್ರಲ್ಲ ಮಾರಾಯ್ತಿ, ನನಗೆ ಎಷ್ಟು ಖುಷಿ ಆಯ್ತು ಗೊತ್ತುಂಟಾ!"

ಮಂಗಳೂರಿನ ಹುಡುಗಿ. ಕೀನ್ಯಾದಲ್ಲಿ ನಿಜವಾದ ಜ್ವಾಲಾಮುಖಿಯ ಬಾಯೊಳಗೇ ಬಾವಿ ಕೊರೆದು ಹಬೆಯಿಂದ ಕರೆಂಟ್ ತೆಗೆಯುವ ಕಡೆ ಕೆಲಸ. ಬಾವಿಯ ಬಿಸಿ ಪರೀಕ್ಷಿಸಲು ಹಮೂದ್ ಕರೆಸಿದ ತಜ್ಞೆ. ಕತ್ತರಿಸಿದ ಕೂದಲು, ಬಿಸಿಲಿಗೆ ಕಂದಿದ ಮೈ, ನಕ್ಕರೆ ಗುಡ್ಡಕ್ಕೆಲ್ಲ ಕೇಳಬೇಕು.

ಮೊದಲ ದಿನವೇ ಅವಳು ಸುಭಾಸನ ಭುಜಕ್ಕೆ ಭುಜ ತಾಗುವಂತೆ ನಿಂತು ಫೋನ್ ತೋರಿಸಿದಳು. ನೆಲದಿಂದ ಆಕಾಶಕ್ಕೆ ಚಿಮ್ಮುವ ಬಿಳಿ ಹಬೆ!

"ಅಬ್ಬಬ್ಬಾ! ಇದು ಬಾವಿ ಅಂದ್ರ ಬಾವಿ ನೋಡ್ರಿ!" ಸುಭಾಸನ ಕಣ್ಣು ಅರಳಿತು.

'ಹೂಂ, ನನ್ನ ಕಲ್ಲು ನೋಡಿ ಒಂದು ದಿನ ಆದ್ರೂ ಹೀಗೆ ಅರಳಿತ್ತಾ ಈ ಕಣ್ಣು?' ಆಶಿತಾ ಕೈಯಲ್ಲಿದ್ದ ಕಲ್ಲಿನ ಪುಡಿಯನ್ನು ಜೋರಾಗಿ ತೊಳೆದಳು. ಎಷ್ಟು ಜೋರೆಂದರೆ ಅರ್ಧ ಪುಡಿ ನೀರಿನ ಜೊತೆ ಹೋಯಿತು.

ಹೊಟ್ಟೆಕಿಚ್ಚು ಒಳಗೆ ಬರುವಾಗ ಬಾಗಿಲು ತಟ್ಟುವುದಿಲ್ಲ. ಬಂದ ಮೇಲೆ ಮನೆಯೆಲ್ಲ ತನ್ನದೇ ಎನ್ನುತ್ತದೆ. ಇಸಾಬೆಲ್ಲಾ ಚಹಾ ಕೇಳಿದರೆ ಸುಭಾಸ ಎದ್ದು ಹೋದನೇ? ಉರಿ! ಅವಳ ತಟ್ಟೆಗೆ ಅವನು ರೊಟ್ಟಿ ಹಾಕಿದನೇ? ಉರಿ! ಅದೂ ಆ ಶೇಂಗಾ ಚಟ್ನಿಯ ಜೊತೆ! ಇಸಾಬೆಲ್ಲಾ ಅದನ್ನು ಕಣ್ಣಲ್ಲಿ ಒಂದು ಹನಿ ನೀರಿಲ್ಲದೆ ತಿಂದು, "ಎಂತ ಖಾರವಾ, ಸೂಪರ್!" ಎಂದಳು. ಆಶಿತಾಳಿಗೆ ಅಂದು ಊಟವೇ ಸೇರಲಿಲ್ಲ.

ದಿಂಬಿನ ಲಾವಾ ನೋಡಬೇಕೆಂದು ಇಸಾಬೆಲ್ಲಾ ಹಟ ಹಿಡಿದಳು. ಮೂವರೂ ಹೋದರು. ಆಶಿತಾ ಗಂಟಲು ಸರಿಮಾಡಿಕೊಂಡು ವಿವರಿಸಲು ಶುರು ಮಾಡಿದಳು. ಇಸಾಬೆಲ್ಲಾ ಆಗಲೇ ಕಲ್ಲಿನ ಮೇಲೆ ಹತ್ತಿ ಕೂತಿದ್ದಳು.

"ಕೀನ್ಯಾದಲ್ಲಿ ಇಂಥ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತ್ರೆ ಕಾಲು ಬೆಚ್ಚಗಾಗ್ತದೆ ಸುಭಾಸ್. ಇದು ಸತ್ತ ಜ್ವಾಲಾಮುಖಿ, ಅದು ಬದುಕಿದ್ದು. ನೀವೊಮ್ಮೆ ಅಲ್ಲಿಗೆ ಬರಬೇಕು."

"ಬರ್ಬೇಕ್ರಿ... ಒಮ್ಮೆ ನೋಡಾಕರೆ ಬರ್ಬೇಕು," ಎಂದ ಸುಭಾಸ.

ಸತ್ತದ್ದು! ತಾನು ಎದೆಗೊಟ್ಟು ಕಾಪಾಡಿದ ಗುಡ್ಡವನ್ನು ಅವಳು ಸತ್ತದ್ದು ಎಂದಳು. ಇವನು ತಲೆಯಾಡಿಸಿದ. ವಾಪಸ್ಸು ಬರುವಾಗ ಆಶಿತಾ ಕಾರಿನ ಕಿಟಕಿಯ ಹೊರಗೇ ನೋಡುತ್ತ ಕೂತಳು.

ಕಡೆಗೂ ಬಾವಿ ಬೇಕಾದಷ್ಟು ಆಳಕ್ಕೆ ಇಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಮೂದ್ ಖರ್ಜೂರ ಹಂಚಿದ.

"ಈಗ ಯಾರೂ ಬಾವಿಯನ್ನು ಮುಟ್ಟಬೇಡಿ," ಎಂದಳು ಇಸಾಬೆಲ್ಲಾ. "ಕೊರೆಯುವಾಗ ಇಷ್ಟು ದಿನ ತಣ್ಣಗಿನ ಕೆಸರುನೀರು ಒಳಗೆ ಬಿಟ್ಟಿದ್ದೇವೆ. ಬಾವಿ ತಂಪಾಗಿ ಹೋಗಿದೆ. ಅದಷ್ಟಕ್ಕೇ ಬಿಟ್ರೆ ನಿಧಾನಕ್ಕೆ ತನ್ನ ನಿಜವಾದ ಬಿಸಿಗೆ ಬರ್ತದೆ. ಆಮೇಲೆ ಅಳೆಯುವಾ. ಅಷ್ಟರೊಳಗೆ ನಾನು ಮಸ್ಕತ್ ಕೆಲಸ ಮುಗಿಸಿ ಬರ್ತೇನೆ."

ತೈಲದವರಿಗೆ ಇದು ಹೊಸ ಮಾತು. ತೈಲಬಾವಿಯಲ್ಲಿ ಕೊರೆದು ಮುಗಿದ ಬೆನ್ನಿಗೇ ಅಳತೆ. ನಿಂತ ಯಂತ್ರಕ್ಕೂ ಬಾಡಿಗೆ ಓಡುತ್ತಿರುತ್ತದೆ, ಅಲ್ಲಿ ಕಾಯುವ ಪದ್ಧತಿಯೇ ಇಲ್ಲ. ಆಶಿತಾ ಸುಮ್ಮನೆ ತಲೆಯಾಡಿಸಿದಳು.

ಮರುದಿನ ಶುಕ್ರವಾರ. ಅಮ್ಮನಿಗೆ ಕರಿಬೇವು, ತೆಂಗಿನಕಾಯಿ ತರಲು ಆಶಿತಾ ಸಹಮ್‌ನಲ್ಲಿರುವ ಕುಂಞಾಲಿಯ ಅಂಗಡಿಗೆ ಹೋದಳು. ಕುಂಞಾಲಿ ಕಾಸರಗೋಡಿನವನು, ಸಹಮ್‌ನ ಇದ್ದಬದ್ದ ಸುದ್ದಿಯೆಲ್ಲ ಅವನ ತಕ್ಕಡಿಯ ಮೇಲೆ ಹಾದೇ ಹೋಗಬೇಕು.

"ನಿಮ್ಮ ಸುಭಾಸ್ ಸಾರ್ ಈಗ ಫ್ಯಾಮಿಲಿ ಆದ್ರಲ್ಲ ಮೇಡಂ!" ಎಂದ ತೆಂಗಿನಕಾಯಿ ಕುಲುಕಿ ನೋಡುತ್ತ.

"ಏನಂದ್ರಿ?"

"ನಮ್ಮ ಅಂಗಡಿ ಮೇಲಿನ ಫ್ಲ್ಯಾಟ್ ಉಂಟಲ್ಲ, ಅದು ಫ್ಯಾಮಿಲಿಗೆ ಮಾತ್ರ. ಬ್ಯಾಚುಲರ್‌ಗಳಿಗೆ ಓನರ್ ಅರ್ಬಾಬ್ ಬಾಗಿಲೂ ತೆಗೆಯೂದಿಲ್ಲ. ಮೊನ್ನೆ ಸುಭಾಸ್ ಸಾರ್ ಮ್ಯಾಡಂನ ಕರ್ಕೊಂಡು ಬಂದು ನೋಡಿದ್ರು. ಆ ಸಣ್ಣ ಕೂದಲಿನ ಮ್ಯಾಡಂ. ಅಡುಗೆಮನೆ ಒಳ್ಳೇದುಂಟು ಅಂತ ಅವರೇ ಹೇಳಿದ್ದು. ಅಡ್ವಾನ್ಸ್ ಕೊಟ್ಟು ಖಲಾಸ್!"

ತೆಂಗಿನಕಾಯಿಯ ಚೀಲ ಆಶಿತಾಳ ಕೈಯಿಂದ ಜಾರಿತು.

ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಅಂದರಂತೆ! ಒಂದು ಮಾತು ಸುಭಾಸನನ್ನೇ ಕೇಳಬಾರದಿತ್ತೇ? ಕೇಳಬಹುದಿತ್ತು. ಆದರೆ ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ದಾರಿಯುದ್ದಕ್ಕೂ ಅವಳು ಅತ್ತಳು. ಅತ್ತು ಮುಗಿದ ಮೇಲೆ ಸಿಟ್ಟು ಬಂತು. ಅದು ಅಳುವಿಗಿಂತ ಕೆಟ್ಟದ್ದು.

'ಫ್ಲ್ಯಾಟ್ ನೋಡಿದ್ರಂತೆ... ಅಡುಗೆಮನೆ ಮೆಚ್ಚಿದಳಂತೆ! ಬಾವಿ ಕೆಲಸ ಮುಗಿದ್ರೆ ತಾನೇ ಅವಳು ಹೋಗೋದು? ಮುಗಿಸ್ತೀನಿ!'

ಶನಿವಾರ ಬೆಳಿಗ್ಗೆ ಅವಳು ನೇರ ಬಾವಿಯ ಹತ್ತಿರ ಬಂದಳು.

"ಗೇಜ್ ಇಳಿಸಿ. ಬಿಸಿ ಅಳೀಬೇಕು."

ಸುಭಾಸ ಅಚ್ಚರಿಯಿಂದ ನೋಡಿದ. "ಇವತ್ತ? ಇಸಾಬೆಲ್ಲಾ ಮೇಡಂ ಕಾಯ್ರಿ ಅಂದಾರಲ್ರಿ..."

ಆ ಹೆಸರು ಅವನ ಬಾಯಿಂದ ಬಂದದ್ದೇ ತಡ, ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು!

"ಇಸಾಬೆಲ್ಲಾ ಇಸಾಬೆಲ್ಲಾ! ಇಲ್ಲಿ ಅಳತೆ ನನ್ನ ಜವಾಬ್ದಾರಿ. ಎಷ್ಟೋ ಬಾವಿ ಕೊರೆದಿದ್ದೀರಲ್ಲ, ಯಾವ ಬಾವೀಲಿ ಹೀಗೆ ಕಾದಿದ್ದೀರಿ? ಅವಳು ಬಂದ ಮೇಲೆ ಕಲಿತ ಕೆಲಸವೂ ಮರೆತುಹೋಯ್ತಾ?"

"ಇಷ್ಟು ಅವಸರ ಯಾಕ್ರಿ?"

"ಯಾಕೆ ಅಂದ್ರೆ... ನಿಮಗೂ ಬೇಗ ಹೋಗೋಕೆ ಅನುಕೂಲ ಆಗ್ಲಿ ಅಂತ!"

ಸುಭಾಸನ ಮುಖ ಒಮ್ಮೆಲೇ ಬಾಡಿತು. ಗೇಜನ್ನು ತಂತಿಗೆ ಕಟ್ಟಿ ಬಾವಿಗೆ ಇಳಿಸಿದ. ಮೇಲೆತ್ತಿ ನೋಡಿದಾಗ ಐವತ್ತಾರು ಡಿಗ್ರಿ.

ಆಶಿತಾ ಅಲ್ಲೇ ನಿಂತು ಹಮೂದ್‌ಗೆ ಫೋನ್ ಮಾಡಿ ಅಂಕಿ ಹೇಳಿದಳು.

"ಐವತ್ತಾರು? ಪಾನಿ ಗರಂ ನಹೀ?" ಆ ಕಡೆಯಿಂದ ಹಮೂದ್‌ನ ನಿಟ್ಟುಸಿರು. ಅವನೂ ಎಷ್ಟು ದಿನ ಕೈಯಿಂದ ಸುರಿದಾನು? "ಬಸ್. ಖಲಾಸ್! ಸಿಮೆಂಟ್ ಡಾಲೋ, ಬಂದ್ ಕರೋ!"

ಸಿಮೆಂಟ್ ತುಂಬಿ ಬಾವಿ ಮುಚ್ಚುವುದು. ಮುಚ್ಚಿದರೆ ಮತ್ತೆ ತೆರೆಯುವ ಮಾತಿಲ್ಲ.

ಸುಭಾಸ ಹೆಲ್ಮೆಟ್ ತೆಗೆದು ಯಂತ್ರದ ಮೇಲಿಟ್ಟ. "ಆತ್ರಿ ಮೇಡಂ. ನಿಮ್ಮ ಮನಸಿನಂಗ ಆತು," ಎಂದು ಹಿಂತಿರುಗಿ ನೋಡದೆ ನಡೆದ.

ಗೆದ್ದಳೇ ಆಶಿತಾ? ಗೆದ್ದವಳು ಹೀಗೆ ಅವನ ಹೆಲ್ಮೆಟ್ಟನ್ನೇ ನೋಡುತ್ತ ನಿಲ್ಲುತ್ತಾಳೆಯೇ?

ಸುದ್ದಿ ತಿಳಿದು ಇಸಾಬೆಲ್ಲಾ ಮಾರನೆಯ ದಿನವೇ ಮಸ್ಕತ್‌ನಿಂದ ಓಡಿ ಬಂದಳು. ಬರ್ಕಾ ಪಟ್ಟಣ ದಾಟಿ ಎಲ್ಲೂ ನಿಲ್ಲಿಸದೆ ಕಾರು ಓಡಿಸಿದವಳು ನೇರ ಆಶಿತಾಳ ಮನೆಗೇ ಬಂದು ಅವಳನ್ನು ಕೆಳಗೆ ಕರೆದಳು. ಇಬ್ಬರೂ ಕಾರಿನಲ್ಲಿ ಕೂತರು. ಇಸಾಬೆಲ್ಲಾಳ ಮುಖದಲ್ಲಿ ಆ ದೊಡ್ಡ ನಗು ಇರಲಿಲ್ಲ.

"ಎಂತಕ್ಕೆ ಹೀಗೆ ಮಾಡಿದೆ? ನಿನಗೆ ಗೊತ್ತಿಲ್ಲದ್ದಲ್ಲ. ನಾನು ಅಷ್ಟು ಬಿಡಿಸಿ ಹೇಳಿದ್ದೆ."

ಆಶಿತಾ ತುಟಿ ಕಚ್ಚಿದಳು. "ನಿಮಗೇನು ನಷ್ಟ? ಹೊಸ ಮನೆ ಮಾಡ್ಕೊಂಡು ಸುಖವಾಗಿರಿ. ಅಡುಗೆಮನೆ ಚೆನ್ನಾಗಿದೆಯಂತಲ್ಲ!"

ಇಸಾಬೆಲ್ಲಾ ಒಂದು ಕ್ಷಣ ಅವಳನ್ನೇ ದಿಟ್ಟಿಸಿದಳು. ಆಮೇಲೆ ಸ್ಟೇರಿಂಗ್ ಮೇಲೆ ಹಣೆ ಇಟ್ಟುಬಿಟ್ಟಳು.

"ದೇವಾ... ಆ ಮನೆ ನನಗಲ್ಲ ಮಾರಾಯ್ತಿ! ನಿನಗೆ!"

"ಏನು?"

"ನಿನ್ನ ಅಪ್ಪ ಅವನ ಹತ್ರ ಎಂತದೋ ಹೇಳಿದ್ರಂತೆ. ಲೇಬರ್ ಕ್ಯಾಂಪಿನ ಮಂಚದ ಮೇಲೆ ಮಲಗುವವರಿಗೆ ಹೆಣ್ಣು ಕೊಟ್ಟು ಮಗಳನ್ನು ಎಲ್ಲಿ ಇಡುವುದು ಅಂತ. ಮೊದಲು ಮನೆ ಮಾಡ್ತೇನೆ, ಆಮೇಲೆ ಕೇಳ್ತೇನೆ ಅಂತ ಅವನ ಹಟ. ಒಬ್ಬನೇ ಹೋದ್ರೆ ಬ್ಯಾಚುಲರ್ ಅಂತ ಬಾಗಿಲು ತೆಗೆಯುವುದಿಲ್ಲ. ನಿನ್ನನ್ನೇ ಕರ್ಕೊಂಡು ಹೋದ್ರೆ ನಾಳೆ ಊರೆಲ್ಲ ಮಾತಾಡ್ತದೆ. ಅದಕ್ಕೆ ನನ್ನನ್ನು ಕರೆದ. ಒಂದು ಗಂಟೆಗೆ ಹೆಂಡತಿ ಹಾಗೆ ನಿಂತುಕೊಳ್ಳಿ ಮೇಡಂ ಅಂತ."

ಆಶಿತಾ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು.

"ಇನ್ನೊಂದು ಹೇಳ್ತೇನೆ, ಕೇಳು." ಇಸಾಬೆಲ್ಲಾಳ ದನಿ ಸಣ್ಣದಾಯಿತು. "ನಿನ್ನ ಸಂಶಯ ಪೂರ್ತಿ ಸುಳ್ಳಲ್ಲ. ನನಗೆ ಅವನು ಇಷ್ಟವೇ. ಕೀನ್ಯಾಕ್ಕೆ ಬಾ, ಕೆಲಸ ಕೊಡಿಸ್ತೇನೆ ಅಂದೆ. ಬರೀ ಕೆಲಸಕ್ಕೆ ಕರೆದದ್ದಲ್ಲ ಅಂತ ಅವನಿಗೂ ಗೊತ್ತಾಯ್ತು. ನನ್ನ ಜೀವ ಇಲ್ಲೈತ್ರಿ ಅಂದ. ಆಮೇಲೇ ಅವ ಮನೆ ನೋಡ್ಲಿಕ್ಕೆ ಕರೆದದ್ದು. ಹೋದೆ. ನಿನಗೆ ಅಡುಗೆಮನೆ ದೊಡ್ಡದಿರಬೇಕು, ಕಲ್ಲು ಇಡ್ಲಿಕ್ಕೆ ಕಿಟಕಿ ಬೇಕು ಅಂತ ಅವನು ಹೇಳ್ತಾ ಇದ್ದ. ನಾನು ನೋಡ್ತಾ ಇದ್ದೆ."

ಅವಳ ಕಣ್ಣಲ್ಲಿ ನೀರು ನಿಂತಿತ್ತು. ಶೇಂಗಾ ಚಟ್ನಿಗೆ ಬಾರದ ನೀರು.

"ಇವತ್ತು ಬೆಳಿಗ್ಗೆ ಅವನೇ ಫೋನ್ ಮಾಡಿದ. ಹಮೂದ್ ವೀಸಾ ಕ್ಯಾನ್ಸಲ್ ಮಾಡಿಸ್ತಾನೆ, ಕೀನ್ಯಾಕ್ಕೆ ಬರ್ತೇನೆ ಅಂದ. ನನಗೆ ಕುಣಿಯಬೇಕಿತ್ತು, ಅಲ್ವಾ? ಅವನ ದನಿ ಕೇಳಿ ಆಗ್ಲಿಲ್ಲ. ನಾಳೆ ಸಿಮೆಂಟ್ ಗಾಡಿ ಬರ್ತದೆ. ಹಮೂದ್ ನನ್ನ ಮಾತು ಕೇಳುವುದಿಲ್ಲ, ಅಳೆದದ್ದು ಆಶಿತಾ, ಅವಳೇ ಹೇಳ್ಲಿ ಅಂತಾನೆ. ಇನ್ನು ನಿನಗೆ ಬಿಟ್ಟದ್ದು."

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಯಾರನ್ನು ಓಡಿಸಬೇಕೆಂದು ಇಷ್ಟೆಲ್ಲ ಮಾಡಿದ್ದಳೋ, ಅವಳ ಜೊತೆಗೇ ಅವನನ್ನೂ ಕೈಯಾರೆ ಕಳಿಸುತ್ತಿದ್ದಳಲ್ಲ! ಆಶಿತಾ ಮನೆಯೊಳಗೆ ಬಂದು ಅಪ್ಪನ ಎದುರು ನಿಂತಳು.

"ಅಪ್ಪಾ, ಸುಭಾಸ್‌ಗೆ ಏನು ಹೇಳಿದ್ರಿ?"

ಕೆಂಪಣ್ಣ ಪೇಪರ್ ಕೆಳಗಿಟ್ಟರು. "ನಾನೇನ್ ಹೇಳ್ದೆ? ನಮ್ಮ ಆಫೀಸಿನ ಒಬ್ಬನ ಮಗಳ ವಿಷಯ ಮಾತಾಡ್ತಾ ಇದ್ದೆ. ಕ್ಯಾಂಪಿನಲ್ಲಿರೋ ಹುಡುಗನಿಗೆ ಹೆಣ್ಣು ಕೊಟ್ಟು ಒದ್ದಾಡ್ತಾವ್ನೆ ಅಂತ... ಅಯ್ಯೋ! ಆ ಹುಡುಗ ಅದನ್ನ ತನಗೇ ಅಂದ್ಕೊಂಡ್ನಾ?"

ಆಶಿತಾ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಕೆಂಪಣ್ಣ ಮಗಳ ತಲೆ ನೇವರಿಸಿ ಒಂದೇ ಮಾತು ಹೇಳಿದರು: "ಅತ್ತಿದ್ದು ಸಾಕು. ಬೆಳಿಗ್ಗೆ ನಾನೇ ಕರ್ಕೊಂಡ್ ಹೋಗ್ತೀನಿ."

ಬೆಳಿಗ್ಗೆ ಬಾವಿಯ ಹತ್ತಿರ ಎಲ್ಲರೂ ಇದ್ದರು. ಉದ್ದನೆಯ ಬಿಳಿ ಅಂಗಿ ತೊಟ್ಟ ಹಮೂದ್, ಕೆಲಸದವರು, ದೂರದಲ್ಲಿ ಇಸಾಬೆಲ್ಲಾ. ಸುಭಾಸ ಪೈಪುಗಳನ್ನು ಎಣಿಸಿ ಕಟ್ಟಿಸುತ್ತಿದ್ದ. ಸಿಮೆಂಟ್ ಗಾಡಿ ಗೇಟಿನೊಳಗೆ ಬರುತ್ತಿತ್ತು.

ಆಶಿತಾ ಗಾಡಿಗೆ ಅಡ್ಡ ನಿಂತಳು! ಡ್ರೈವರ್ ಹಾರ್ನ್ ಹೊಡೆದ. ಅವಳು ಕದಲಲಿಲ್ಲ.

"ಯಾ ಆಶಿತಾ! ಕ್ಯಾ ಹುವಾ?" ಹಮೂದ್ ಓಡಿಬಂದ.

ಅವಳು ಎಲ್ಲರಿಗೂ ಕೇಳುವಂತೆ ಹಿಂದಿಯಲ್ಲಿ ಹೇಳಿದಳು: "ಅರ್ಬಾಬ್, ನಾನು ಹೇಳಿದ ಅಂಕಿ ತಪ್ಪು. ಬಾವಿ ಇನ್ನೂ ತಣ್ಣಗಿತ್ತು. ಕಾಯಬೇಕೆಂದು ಗೊತ್ತಿತ್ತು, ಕಾಯಲಿಲ್ಲ. ಸುಭಾಸ್ ಬೇಡ ಅಂದ್ರು, ನಾನೇ ಹಟ ಮಾಡಿದೆ. ತಪ್ಪು ನನ್ನದು, ಅವರದಲ್ಲ. ಕೆಲಸದಿಂದ ತೆಗೆಯೋದಾದ್ರೆ ನನ್ನನ್ನ ತೆಗೀರಿ."

"ಲೇಕಿನ್ ಕ್ಯೋಂ?" ಹಮೂದ್‌ಗೆ ಅರ್ಥವಾಗಲಿಲ್ಲ. "ಕಿಸ್‌ಲಿಯೇ?"

ಏನು ಹೇಳುವುದು? ಅಪ್ಪ ನಿಂತಿದ್ದರು, ಊರೆಲ್ಲ ನಿಂತಿತ್ತು. ಸುಭಾಸ ಪೈಪು ಬಿಟ್ಟು ಅವಳನ್ನೇ ನೋಡುತ್ತಿದ್ದ. ನಾಚಿಕೆ ಒಂದು ಕಡೆ, ಪ್ರಾಣ ಒಂದು ಕಡೆ. ಆಶಿತಾ ಕಣ್ಣು ಮುಚ್ಚಿಕೊಂಡಳು.

"ಹೊಟ್ಟೆಕಿಚ್ಚು! ಇಸಾಬೆಲ್ಲಾ ಬೇಗ ಹೊರಟು ಹೋಗ್ಲಿ ಅಂತ! ಸುಭಾಸ್ ಅವಳ ಜೊತೆ ನಗೋದು ನೋಡೋಕಾಗ್ಲಿಲ್ಲ ಅಂತ!" ಹಿಂದಿ ಎಲ್ಲಿ ಬಿಟ್ಟುಹೋಯಿತೋ, ಬಾಯಿಂದ ಕನ್ನಡವೇ ಬಂದಿತ್ತು.

ಹಮೂದ್ ಇಸಾಬೆಲ್ಲಾಳ ಕಡೆ ತಿರುಗಿದ. ಅವಳು ಒಂದೇ ಪದದಲ್ಲಿ ಅರಬ್ಬಿಗೆ ತಂದಳು. "ಗೀರಾ."

"ಗೀರಾ!" ಹಮೂದ್ ಗಡ್ಡ ಸವರಿಕೊಂಡ. ಒಮ್ಮೆ ಸುಭಾಸನನ್ನು ನೋಡಿದ, ಒಮ್ಮೆ ಆಶಿತಾಳನ್ನು. ಮನೆಯಲ್ಲಿ ಇಬ್ಬರು ಹೆಂಡಿರಿದ್ದ ಮನುಷ್ಯ. ಆ ಪದವನ್ನು ಅವನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಸಿಮೆಂಟ್ ಗಾಡಿಯ ಕಡೆ ಕೈ ಬೀಸಿದ. "ವಾಪಸ್! ಯಲ್ಲಾ, ವಾಪಸ್! ಇಸಾಬೆಲ್ಲಾ ಹೇಳಿದಷ್ಟು ದಿನ ಕಾಯೋಣ. ಆದರೆ ಎಪ್ಪತ್ತು ಬರದಿದ್ದರೆ ಎಲ್ಲರದೂ ಖಲಾಸ್, ನನ್ನದೂ."

ಗಾಡಿ ತಿರುಗಿತು. ಸುಭಾಸ ಅವಳ ಹತ್ತಿರ ಬಂದ. ಅಪ್ಪಿಕೊಳ್ಳುತ್ತಾನೆಂದು ನೀವು ಅಂದುಕೊಂಡಿರಾ? ಇಲ್ಲ.

"ನನ್ನ ಒಂದು ಮಾತು ಕೇಳಬೇಕಾಗಿತ್ರಿ," ಎಂದ. ದನಿಯಲ್ಲಿ ನೋವು ತುಂಬಿತ್ತು. "ಬಯ್ಯಬೇಕಾಗಿತ್ತು, ಹೊಡೀಬೇಕಾಗಿತ್ತು. ನೀವು ನನ್ನ ಹೋಗು ಅಂದ್ರಿ. ನಾ ಹೋಗೇ ಬಿಡ್ತಿದ್ದೆ."

ಅವಳು ಉತ್ತರಿಸುವ ಮೊದಲೇ ಅವನು ಕೆಲಸಕ್ಕೆ ಮರಳಿದ.

ಆಮೇಲಿನ ದಿನಗಳು ಆಶಿತಾಳಿಗೆ ನರಕ. ಬಾವಿಯ ಬಾಯಿ ಮುಚ್ಚಿತ್ತು, ಸುಭಾಸನ ಬಾಯಿಯೂ ಮುಚ್ಚಿತ್ತು. ಅವನು ಮುಂಚಿನ ಹಾಗೆ ಕೆಣಕುತ್ತಿರಲಿಲ್ಲ, ರೊಟ್ಟಿ ಮುರಿದು ಕೊಡುತ್ತಿರಲಿಲ್ಲ. ಅವಳೂ ಮೇಲೆ ಬಿದ್ದು ಮಾತಾಡಿಸಲಿಲ್ಲ. ಅವಸರದಿಂದ ಆದ ಅನಾಹುತ ಒಂದು ಸಾಕಾಗಿತ್ತು. ದಿನವೂ ಬಂದು, ಅವನಿಗೆ ಕಾಣುವಷ್ಟು ದೂರದಲ್ಲಿ ಕೂತು, ತನ್ನ ಕೆಲಸ ಮಾಡಿದಳು.

ಕಡೆಗೆ ಇಸಾಬೆಲ್ಲಾ, "ಇವತ್ತು ಅಳೆಯುವಾ," ಎಂದಳು.

ಗೇಜ್ ಆಳಕ್ಕಿಳಿಯಿತು, ನಿಂತಿತು, ಮತ್ತೆ ಮೇಲೆ ಬರತೊಡಗಿತು. ಗೇಜ್ ಕೈಗೆ ಸಿಗುವವರೆಗೆ ಅಂಕಿ ಯಾರಿಗೂ ಗೊತ್ತಾಗುವುದಿಲ್ಲ. ತಂತಿ ಸುತ್ತುವ ಯಂತ್ರದ ಪಕ್ಕದಲ್ಲಿ ಸುಭಾಸ ಒಬ್ಬನೇ ನಿಂತಿದ್ದ. ಆಶಿತಾ ಅವನ ಹತ್ತಿರ ಹೋದಳು.

"ಸುಭಾಸ್, ಅಂಕಿ ನೋಡೋ ಮುಂಚೆ ಒಂದು ಮಾತು. ಆಮೇಲೆ ಹೇಳಿದ್ರೆ ಅಂಕಿ ನೋಡಿ ಹೇಳಿದ ಹಾಗಾಗುತ್ತೆ."

ಅವನು ತಂತಿಯ ಮೇಲಿನ ಕಣ್ಣು ತೆಗೆಯಲಿಲ್ಲ. "ಹೇಳ್ರಿ."

"ಎಪ್ಪತ್ತು ಬರ್ದೇ ಇದ್ರೆ ನಿಮ್ಮನ್ನ ಕಳಿಸ್ತಾರೆ. ಆಗ ನಾನೂ ಬರ್ತೀನಿ. ಬಾಗಲಕೋಟೆಗಾದ್ರೂ ಸರಿ... ಕೀನ್ಯಾಕ್ಕಾದ್ರೂ ಸರಿ. ಅಪ್ಪನಿಗೆ ಹೇಳಿದ್ದೀನಿ. ಮನೆ ಇಲ್ದಿದ್ರೂ ಪರವಾಗಿಲ್ಲ. ನೀವಿಲ್ದೆ... ನನಗಾಗಲ್ಲ ಸುಭಾಸ್." ದನಿ ಒಡೆಯಿತು. "ನಿಮ್ಮ ಸಿಟ್ಟು ಇಳೀದೇ ಇದ್ರೆ ಬೇಡ ಅನ್ನಿ. ಕೇಳ್ತೀನಿ. ಈ ಸಲ ನಿಮ್ಮನ್ನೇ ಕೇಳ್ತಾ ಇದ್ದೀನಿ."

ತಂತಿ ಸುತ್ತುತ್ತಲೇ ಇತ್ತು. ಸುಭಾಸ ಅವಳ ಕಡೆ ತಿರುಗಿದ.

"ಕೀನ್ಯಾಕ್ಕ ಬರ್ತೀರಿ? ಅಲ್ಲಿ ಇಸಾಬೆಲ್ಲಾ ಮೇಡಂ ಇರ್ತಾರಲ್ರಿ?"

"ಇರ್ಲಿ."

"ದಿನಾ ನಗ್ತಾರ."

"ನಗ್ಲಿ..." ಹೇಳುವಾಗಲೇ ಅವಳ ಮೂಗಿನ ಹೊಳ್ಳೆ ಅರಳಿತು. ಸುಭಾಸ ನೋಡಿದ. ಎಷ್ಟೋ ದಿನಗಳ ಮೇಲೆ ಅವನ ಮುಖದಲ್ಲಿ ನಗು ಮೂಡಿತು.

"ಸಿಟ್ಟು ಆವತ್ತ ಇಳಿದಿತ್ರಿ. ನೀವು ಗಾಡಿಗೆ ಅಡ್ಡ ನಿಂತಾಗ. ಆದ್ರ ನೀವಾಗೇ ಬಂದು ಕೇಳ್ತೀರೇನು ಅಂತ ಕಾದಿದ್ದೆ. ನಾ ಕೇಳಬೇಕಂತ ಎಷ್ಟು ದಿನದಿಂದ ಒದ್ದಾಡೀನಿ... ನೀವ ಮೊದಲು ಕೇಳಿಬಿಟ್ರಿ."

ಗೇಜ್ ಮೇಲೆ ಬಂತು. ಇಸಾಬೆಲ್ಲಾ ಓಡಿಬಂದು ಅದನ್ನು ಒರೆಸಿ, ಕಂಪ್ಯೂಟರಿಗೆ ಸಿಕ್ಕಿಸಿದಳು. ಆಮೇಲೆ ಗುಡ್ಡಕ್ಕೆಲ್ಲ ಕೇಳುವ ಅವಳ ಹಳೆಯ ನಗು!

"ಎಪ್ಪತ್ಮೂರು! ಅರ್ಬಾಬ್, ಎಪ್ಪತ್ಮೂರು!"

"ಅಲ್‌ಹಮ್ದುಲಿಲ್ಲಾ!" ಹಮೂದ್ ತಲೆಯ ಟೋಪಿಯನ್ನೇ ತೆಗೆದು ಹಾರಿಸಿದ. ಕೆಲಸದವರು ಕುಣಿದರು. ಇಸಾಬೆಲ್ಲಾ ಆಶಿತಾಳನ್ನು ಬಿಗಿಯಾಗಿ ತಬ್ಬಿ, "ಅವನನ್ನು ಚೆಂದ ನೋಡಿಕೋ ಮಾರಾಯ್ತಿ," ಎಂದು ಕಿವಿಯಲ್ಲಿ ಹೇಳಿ, ಕಣ್ಣೊರೆಸಿಕೊಂಡು ಹಮೂದ್‌ನ ಕಡೆ ನಡೆದಳು. ಆಶಿತಾಳಿಗೆ ಅವಳ ಮೇಲೆ ಮೊದಲ ಸಲ ಪ್ರೀತಿ ಉಕ್ಕಿತು.

ಗದ್ದಲದ ನಡುವೆ ಸುಭಾಸ ಕಿಸೆಯಿಂದ ಒಂದು ಬೀಗದಕೈ ತೆಗೆದು ಅವಳ ಅಂಗೈ ಮೇಲಿಟ್ಟ.

"ಸಹಮ್ ಮನೀದು. ಅಡ್ವಾನ್ಸ್ ಕೊಟ್ಟೀನಿ. ಸಂಜಿಮುಂದ ನಿಮ್ಮ ಅಪ್ಪಾರ್ನ ಕೇಳಾಕ ಬರ್ತೀನಿ. ಬರ್ಲೇನ್ರಿ?"

ಆಶಿತಾ ಬೀಗದಕೈಯನ್ನು ನೋಡಿದಳು. ಅವನನ್ನು ನೋಡಿದಳು. ಮೆಲ್ಲನೆ ಅದನ್ನು ಅವನ ಕೈಗೇ ವಾಪಸ್ಸು ಇಟ್ಟಳು.

"ಬನ್ನಿ. ಆದ್ರೆ ಆ ಮನೆ ಬೇಡ."

"ಯಾಕ್ರಿ?" ಅವನು ಗಾಬರಿಯಾದ. "ಅಡಗಿಮನಿ ದೊಡ್ಡದೈತಿ, ಕಿಟಕಿ ಐತಿ..."

"ಆ ಕಟ್ಟಡದ ಅರ್ಬಾಬ್‌ಗೆ ನಿಮ್ಮ ಹೆಂಡ್ತಿ ಇಸಾಬೆಲ್ಲಾ! ನಾನು ಹೋದ್ರೆ ಕುಂಞಾಲಿ ಏನಂತಾನೆ? ಎರಡನೇದು ಅಂತಾನೆ! ಬೇರೆ ಮನೆ ನೋಡೋಣ. ಚಿಕ್ಕದಾದ್ರೂ ಪರವಾಗಿಲ್ಲ. ನಾನೇ ಬರ್ತೀನಿ ನೋಡೋಕೆ."

ಸುಭಾಸ ಬೀಗದಕೈಯನ್ನು ಕಿಸೆಗೆ ಹಾಕಿಕೊಂಡ. ಆಮೇಲೆ ಬಾಗಿ ಅವಳ ಕಿವಿಯ ಹತ್ತಿರ ಕೇಳಿದ, "ಮತ್ತ ಹೊಟ್ಟಿಕಿಚ್ಚೇನ್ರಿ?"

"ಹೂಂ," ಎಂದಳು ತಲೆ ತಗ್ಗಿಸಿ. "ಪೂರ್ತಿ ಹೋಗೋ ಹಾಗೆ ಕಾಣಲ್ಲ... ಏನ್ ಮಾಡ್ಲಿ?"

"ಹೋಗೂದು ಬ್ಯಾಡ ಬಿಡ್ರಿ," ಎಂದು ಅವನು ಅವಳ ಕೈ ಹಿಡಿದುಕೊಂಡ. "ಸ್ವಲ್ಪ ಇರ್ಲಿ."